ಹಸಿರು ಹೆಡ್‌ಮೇಷ್ಟ್ರು

ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು. ಹಿರಿಯಾಕೆ ಅನಸೂಯಮ್ಮ, ಮಕ್ಕಳ ಕಥೆ ಬರೆಯುತ್ತಿದ್ದ ನೇಕಾರ ಗೋವಿಂದರಾಜು ಅವರ ಹೆಂಡತಿ. ಗಂಡ ತೀರಿಹೋಗಿದ್ದಾರೆಂದು ಮಾತಿನಲ್ಲೇ ತಿಳಿಯಿತು. ಇನ್ನೊಬ್ಬಾಕೆ ನಾದಿನಿ.

“ಅತ್ತಿಗೆ, ನಾಳೆ ಲೈಬ್ರರಿಗೆ ಅಣ್ಣನ ಹೆಸರಿಡೋವಾಗ ಆ ಹೆಡ್‌ಮೇಷ್ಟ್ರೂ ಬರ್ತಾರಂತೆ?”

“ಹೂಂ. ಬೆಳಿಗ್ಗೆ ಫೋನ್ ಮಾಡಿದ್ರು.”

“ಅಣ್ಣನ ಪುಸ್ತಕ ಸ್ಕೂಲಿಗೆ ತರಬಾರ್ದು ಅಂದಿದ್ದೋರು ಅವರೇ ಅಲ್ವಾ?”

“ಅವರೇ. ಹೆಡ್‌ಮೇಷ್ಟ್ರು ಬಣ್ಣದ ತೊಟ್ಟೀಲಿ ಬಿದ್ದು ಹಸಿರಾಗೋ ಕಥೆ ಓದಿ, ನನ್ನನ್ನೇ ಬರ್ದವ್ನೆ ಅಂತ ಉರಿದುಬಿದ್ದಿದ್ರು.”

“ಈಗೇನಂತೆ?”

“ಮೊಮ್ಮಕ್ಕಳಿಗೆ ಆ ಕಥೆ ಅಂದ್ರೆ ಪ್ರಾಣವಂತೆ. ಅದು ನಾನೇ ಅಂದ್ರೆ ನಂಬ್ತಿಲ್ವಂತೆ. ಸ್ಟೇಜ್ ಮೇಲೆ ನೀವೊಂದು ಮಾತು ಹೇಳಿಬಿಡಿ ಅಂದ್ರು.”

“ಹೇಳ್ತೀರಾ?”

“ಅದು ಅವರಲ್ಲ ಕಣೇ, ನಮ್ಮಪ್ಪ. ಮಗ್ಗ ಬಿಟ್ಟು ಕಥೆ ಬರ್ಕೊಂಡು ಕೂರೋನಿಗೆ ಹೆಣ್ಣು ಕೊಡಲ್ಲ ಅಂದಿದ್ರಲ್ಲ, ಆ ಸಿಟ್ಟಿಗೆ ನಿಮ್ಮಣ್ಣ ಅವರನ್ನ ಹೆಡ್‌ಮೇಷ್ಟ್ರು ಮಾಡಿ ಬರೆದಿದ್ದು.”

ನಾದಿನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. “ಮತ್ತೇನ್ ಮಾಡ್ತೀರಾ?”

“ಅವರೇ ಅಂತೀನಿ. ಅವರಿಗೂ ಖುಷಿ, ನಮ್ಮಪ್ಪನ ಮಾನಾನೂ ಉಳೀತದೆ.”

ಸಾಸಲಿಗೆ ಹೋಗುವ ಬಸ್ಸು ಬಂತು. ಇಬ್ಬರೂ ಎದ್ದರು.

“ಮುಖಕ್ಕೆ ಹಸಿರು ಬಣ್ಣ ಬಳ್ಕೊಂಡು ಬರ್ಲಾ ಅಂತಾನೂ ಕೇಳಿದ್ರು ಹೆಡ್‌ಮೇಷ್ಟ್ರು.”

“ಏನಂದ್ರಿ?”

“ಕಿವಿ ಹಿಂದೇನೂ ಬಳ್ಕೊಳ್ಳಿ ಅಂದೆ,” ಎನ್ನುತ್ತಾ ಅನಸೂಯಮ್ಮ ಬಸ್ಸು ಹತ್ತಿದರು.