ಹನ್ನೆರಡು ವೋಲ್ಟಿನ ಬೆಂಕಿ

ದೀಪಾಲಿ ಸೊಲ್ಲಾಪುರದ ಆಸ್ಪತ್ರೆಯಲ್ಲಿ ತನ್ನ ಸರದಿಗಾಗಿ ಕೂತಿದ್ದಳು. ಪಕ್ಕದಲ್ಲಿ ಕುರನೂರಿನ ಗಂಡಹೆಂಡಿರು; ಹೆಂಡತಿಯ ಎರಡೂ ಕೈಗೆ ಸುಟ್ಟಗಾಯದ ಪಟ್ಟಿ.

“ಹನ್ನೆರಡು ವೋಲ್ಟಿನ ಬ್ಯಾಟರಿ, ಶಾಕ್ ಹೊಡಿಯೂದಿಲ್ಲಂತ ಕುರಿದೊಡ್ಡಿ ಮೋಟರಿಗೆ ಬಾರೀಕ ವಾಯರ ಹಾಕಿದ್ನಿ,” ಎಂದ ಗಂಡ, ದೀಪಾಲಿಗೆ.

“ಕರೆಂಟಿನ ಮಿಸ್ತ್ರಿ ಏನಂದ್ರು?” ಎಂದು ಅವಳು ಕೇಳಿದಳು.

“ವೋಲ್ಟ್ ಕಡಿಮಿ ಇದ್ರ ಅದ ಕೆಲಸಕ್ಕ ಕರೆಂಟ್ ಜಾಸ್ತಿ ಹರೀತೈತಂತ. ದಪ್ಪ ವಾಯರ ಬೇಕಿತ್ತಂತ. ಬಾರೀಕಂದು ಕಾದು ಮೇವಿಗೆ ಬೆಂಕಿ ಹತ್ತೈತಿ.”

“ಕುರಿ ಎಷ್ಟ ಉಳದಾವ್ರಿ?” ಹೆಂಡತಿ ನಡುವೆ ಕೇಳಿದಳು.

“ನೀ ಹೊರಗ ಎಳದವಷ್ಟ. ಹನ್ನೊಂದು.”

ನರ್ಸ್ “ಗುರುಬಾಯಿ” ಎಂದು ಹೆಂಡತಿಯ ಹೆಸರು ಕೂಗಿದಳು.

“ಉಳದ ವಾಯರ ಎಲ್ಲೈತ್ರಿ?” ಗುರುಬಾಯಿ ಏಳದೆ ಗಂಡನನ್ನು ಕೇಳಿದಳು.

“ನಿನ್ನ ತಮ್ಮ ಅಮೋಲ್ ಒಯ್ದಾನ, ಅವನ ಬ್ಯಾಟರಿ ಮೋಟರಿಗೆ.”

“ಮೊದಲ ಫೋನ್ ಹಚ್ರಿ.”

ಅವನು ಫೋನ್ ಕಿವಿಗಿಟ್ಟ. “ಅಮೋಲ್, ಮೋಟರ್ ಬಂದ್ ಮಾಡು,” ಎಂದದ್ದನ್ನು ಕೇಳಿಸಿಕೊಂಡ ಮೇಲೆಯೇ ಗುರುಬಾಯಿ ಎದ್ದು ಒಳಗೆ ಹೋದಳು.