ಕಣಕುಂಬಿಯ ಬೋರ್ಡು

ಎಷ್ಟು ಎಂದು ಹೇಳುವ ನ್ಯೂಮರಲ್ ಬೇರೆ, ಯಾವುದು ಎಂದು ಹೇಳುವ ಡಿಟರ್ಮಿನರ್ ಬೇರೆ ಎಂದು ಇವತ್ತು ಮಕ್ಕಳಿಗೆ ಹೇಗೆ ತಿಳಿಸಿ ಹೇಳಲಿ? ಖಾನಾಪುರದ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಪೂರ್ಣಿಮಾಗೆ ಬೆಳಗಾವಿ ಬಿಟ್ಟಾಗಿನಿಂದ ಬಸ್ಸಿನಲ್ಲಿ ಇದೇ ಚಿಂತೆ. ಅಷ್ಟರಲ್ಲಿ ಮುಂದಿನ ಸೀಟಿನ ಗಂಡ ಹೆಂಡತಿಯ ಮಾತು ಕಿವಿಗೆ ಬಿತ್ತು. ಕಣಕುಂಬಿಯ ತಮ್ಮ ಮನೆಯಲ್ಲಿ ಪ್ರವಾಸಿಗರಿಗೆ ಕೋಣೆ ಬಾಡಿಗೆಗೆ ಕೊಡಲು ಅವರು ಪೇಂಟರಿಂದ ಇಂಗ್ಲಿಷ್ ಬೋರ್ಡು ಬರೆಸುವವರಿದ್ದರು; ಅದರಲ್ಲಿ ಏನಿರಬೇಕೆಂಬ ಮಾತು ನಡೆದಿತ್ತು.

“ರಾಧಿಕಾ, ‘ದಿ ಮೈ ಟೂ ರೂಮ್ಸ್’ ಹೆಂಗೈತಿ?”

“‘ದಿ’ ತಗೀರಿ. ‘ದಿ’, ‘ಮೈ’ ಎರಡೂ ಯಾವ ರೂಮು ಅಂತ ಹೇಳೂವು. ಒಂದ ಸೀಟಿನ್ಯಾಗ ಇಬ್ಬರು ಕುಂದರಾಕ ಬರಂಗಿಲ್ಲ.”

“ಹಂಗಾದ್ರ ‘ಟೂ’ನೂ ತಗೀಲೇನು?”

“ಅದು ಇರ್ಲಿ. ಅದು ರೂಮು ಎಷ್ಟು ಅಂತ ಹೇಳತೈತಿ. ಅದರ ಸೀಟು ಬ್ಯಾರೆ, ಬಾಜೂಕ ಐತಿ.”

ಮಕ್ಕಳಿಗೆ ಹೇಳುವ ದಾರಿ ಸಿಕ್ಕಿತೆಂದು ಪೂರ್ಣಿಮಾ ಖುಷಿಯಿಂದ ಮುಂದೆ ಬಾಗಿದಳು.

“ಆತು ಬಿಡು. ‘ಮೈ ಟೂ ರೂಮ್ಸ್’.”

“‘ಮೈ’ ಅಂದ್ರ ಬರೇ ನಿಮ್ಮವೇನ್ರಿ? ಗ್ವಾಡಿಗೆ ಸುಣ್ಣ ಹಚ್ಚಿದಾಕಿ ನಾನು. ಬಂದವರಿಗೆ ಅಡಗಿ ಮಾಡಾಕಿನೂ ನಾನ.”

ಗಂಡ ಪೇಂಟರಿಗೆ ಫೋನು ಹಚ್ಚಿದ.

“ಅಣ್ಣಾ, ‘ಮೈ’ ಬ್ಯಾಡ. ‘ಅವರ್ ಟೂ ರೂಮ್ಸ್’ ಅಂತ ಬರೀರಿ.”

ಖಾನಾಪುರ ಬಂತು. ಕಣಕುಂಬಿಯ ಬಸ್ಸು ಹಿಡಿಯಲು ಇಬ್ಬರೂ ಎದ್ದರು. ರಾಧಿಕಾ ನಗುತ್ತ ಮುಂದೆ ಇಳಿದಳು. ಹಿಂದಿನಿಂದ ಇಳಿಯುತ್ತಿದ್ದ ಗಂಡ ಇನ್ನೂ ಫೋನಿನಲ್ಲೇ ಕೂಗುತ್ತಿದ್ದ:

“ಅವರು ಅಂದ್ರ ಯಾರು ಅಂತೀರೇನು? ಬ್ಯಾರೆ ಯಾರೂ ಅಲ್ಲೋ ಅಣ್ಣಾ! ಇಂಗ್ಲಿಷ್ ‘ಅವರ್’ ಅದು. ನಾನೂ ನಮ್ಮ ರಾಧಿಕಾನೂ!”