ಕೈ ಮುಟ್ಟದ ಡಾಕ್ಟರ

ಕಂದೀಲು ಸಣ್ಣದು ಮಾಡ್ರಿ... ಹಾಂ, ಇಷ್ಟು ಸಾಕು. ಇದು ಗಾಳಿಮಾತಲ್ಲ. ನಮ್ಮ ಸರಸಂಬಾದಾಗ, ನಮ್ಮ ಗ್ವಾಡಿಗಿ ಗ್ವಾಡಿ ಹಚ್ಚಿದ ಮನಿಯ ಶಾಂತಲಿಂಗಪ್ಪಗ ಆಗಿದ್ದು. ಅವನ ಹೆಂಡತಿ ಸುಭದ್ರಾಬಾಯಿ ಬಾಯಿಲೇ ಕೇಳಿದ್ದು.

ಆವತ್ತ ರಾತ್ರಿ ಶಾಂತಲಿಂಗಪ್ಪ ಕೆಳಗಿನ ಓಣಿಯಿಂದ ಮನಿಗಿ ಹೊಂಟಿದ್ದ. ದಾರ್ಯಾಗ ಆಲದ ಗಿಡ, ಗಿಡದ ಬುಡಕ್ಕ ಸೀನೀರ ಬಾವಿ. ಮಳಿ ನಿಂತಿತ್ತು. ಎಲಿ ಮ್ಯಾಲಿನ ಹನಿ ಟಪ್... ಟಪ್... ಅಂತ ಬೀಳಾಕತ್ತಿದ್ವು. ಧೋತರಕ್ಕ ಕೆಸರು ಸಿಡೀಬಾರದಂತ ಎತ್ತಿ ಹಿಡಕೊಂಡು, ಕೊಕ್ಕರಿ ಹಂಗ ಕಾಲು ಇಡಾಕತ್ತಿದ್ದ.

ಇಂವ ಎಂಥಾ ಮನಷ್ಯಾ ಅಂತ ಮೊದಲ ಹೇಳಬೇಕು. ಕಲಬುರ್ಗಿಯ ಒಂದು ದವಾಖಾನ್ಯಾಗ ಪಟ್ಟಿ ಕಟ್ಟೋ ಕೆಲಸಕ್ಕಿದ್ದ. ನಿಜಾಮನ ರಜಾಕಾರರ ಗದ್ದಲ ಸುರು ಆಗೂದೇ ತಡ, ಬಿಳಿ ಕೋಟು ಬಗಲಾಗ ಹಿಡಕೊಂಡು ಊರಿಗಿ ಓಡಿ ಬಂದ. ಬಂದು ಡಾಕ್ಟರ ಆಗಿ ಕುಂತ. ಅರ್ಧ ಊರು ಗಡಿ ದಾಟಿ ಸೊಲ್ಲಾಪುರದ ಕಡಿ ಹೋಗಿತ್ತು. ಉಳಿದವರಿಗಿ ಆಳಂದದ ದವಾಖಾನಿಗಿ ಗಾಡಿ ಕಟ್ಟಾಕ ಅಂಜಿಕಿ. ಹಿಂಗಾಗಿ ಇವನೇ ಗತಿ.

ಸುಳ್ಳ್ಯಾಕ ಹೇಳಬೇಕು, ಕಲತಿದ್ದ. ದವಾಖಾನ್ಯಾಗ ಕುಲಸುಮಬಿ ಅಂತ ಒಬ್ಬಾಕಿ ನರ್ಸಬಾಯಿ ಎಲ್ಲಾ ತೋರಿಸಿ ಕೊಟ್ಟಿದ್ದಳು. ರೋಗಿ ಮಗ್ಗಲಾಗ ಕೂಡಬೇಕು. ಪಾದ ಮುಟ್ಟಿ ಬೆಚ್ಚಗದನೋ ತಣ್ಣಗದನೋ ನೋಡಬೇಕು. ಕೈ ಹಿಂಬದಿ ತೊಗಲು ಎರಡು ಬೆರಳಲೇ ಚಿವುಟಿ ಬಿಡಬೇಕು. ತಟ್ಟನ ಕುಂತ್ರ ಚಲೋ. ಹಂಗೇ ಎದ್ದು ನಿಂತ್ರ ಮೈಯಾಗಿನ ನೀರು ಹೋಗ್ಯಾದಂತ ತಿಳೀಬೇಕು. ಆಗ ಕಾಸಿದ ನೀರಾಗ ಚಿಟಿಕಿ ಉಪ್ಪು ಹಾಕಿ, ಕಕ್ಕಿದ್ರೂ ಬಿಡದ ಚಮಚಾಲೇ ಕುಡಿಸ್ತಾ ಇರಬೇಕು. ಉಚ್ಚಿ ಹೋಗೋತನಕ ಮಗ್ಗಲಿಂದ ಏಳಬಾರದು. ಎಲ್ಲಾ ಗೊತ್ತಿತ್ತು ಹೇಸಿಗೇಡಿಗಿ. ಆದ್ರ ರೋಗಿ ಮೈ ಮುಟ್ಟಾಕ ಅಸಹ್ಯ. ಹೊಸ್ತಿಲ ಹೊರಗ ನಿಂತು, ಮೂಗಿಗಿ ಅತ್ತರದ ಅರಬಿ ತುಂಡು ಹಿಡಕೊಂಡು, ಅಲ್ಲಿಂದನೇ ಔಷಧ ಹೇಳೂದು. ಮಂದಿ ಅದನ್ನೂ ದೊಡ್ಡಸ್ತನ ಅಂತ ತಿಳಕೊಂಡ್ರು, ಹುಚ್ಚು ಮಂದಿ.

ಆವತ್ತ ಕುರಿ ಕಾಯೋ ಮಾಳಿಂಗಪ್ಪನ ಹೆಂಡತಿ ರೇವಮ್ಮಗ ವಾಂತಿ-ಭೇದಿ ಹತ್ತಿತ್ತು. ಮಾಳಿಂಗಪ್ಪ ಬಂದು ಕೈಕಾಲು ಹಿಡದು ಇವನ್ನ ಕರಕೊಂಡು ಹೋದ. ಇಂವ ಹೊಸ್ತಿಲದಾಗಿಂದ ಕಂದೀಲು ಎತ್ತಿ ನೋಡಿದ. ಆಕಿ ಕಣ್ಣು ಗುಳಿ ಬಿದ್ದಿದ್ವು. ದನಿ ಹೂತು ಹೋಗಿತ್ತು. ನೀರು... ನೀರು... ಅನ್ನಾಕತ್ತಿದ್ದಳು.

“ಕೊಡ್ಲೇನ್ರಿ ಸಾಹೇಬ್ರ?”

“ಬ್ಯಾಡ. ಕುಡದಷ್ಟೂ ಹೊರಗ ಬರ್ತದ. ಬೆಳಗಾಗೋತನಕ ಒಂದು ಹನಿನೂ ಹಾಕಬ್ಯಾಡ.”

“ಒಂದ್ಸಲ ಕೈಯರ ಮುಟ್ಟಿ ನೋಡ್ರಿ...”

“ನನಗ ಇಲ್ಲಿಂದನೇ ಕಾಣ್ತದೋ.”

ಯಾಕ ಹಂಗಂದ ಗೊತ್ತೇನು? ನೀರು ಕೊಡು ಅಂದ್ರ ಮಗ್ಗಲಾಗ ಕುಂತು ತಾನೇ ಕುಡಿಸಬೇಕಾಗ್ತದ. ಆಕಿ ಕಕ್ಕಿದ್ರ ಕೋಟಿನ ಮ್ಯಾಲ ಸಿಡೀತದ. ವಾಂತಿ ಹತ್ತಿದವರಿಗಿ ನೀರು ಕೊಡಬಾರದಂತ ಮೊದಲೇ ಊರ ಮಂದಿ ನಂಬ್ಯಾರ, ಅದನ್ನೇ ಹೇಳಿದ್ರ ಸಸಾರ, ಯಾರೂ ಎದುರಾಡೂದಿಲ್ಲ. ಹೇಳಿ ಹೊಂಟ.

ಹಂಗ ಬರೋ ಮುಂದ, ಬಾವಿ ಹತ್ರ... ಗುಟುಕ್.

ನಿಂತ.

ಗುಟುಕ್... ಗುಟುಕ್...

ಕಂದೀಲು ಎತ್ತಿದ. ಬಾವಿ ಕಟ್ಟಿ ಮ್ಯಾಲ ರೇವಮ್ಮ ಕುಂತಿದ್ದಳು. ಇವನಿಗಿ ಮೊದಲ ಅಂಜಿಕಿ ಆಗಲಿಲ್ಲ ನೋಡ್ರಿ, ಖುಷಿ ಆಯ್ತು. ಎದ್ದು ಬಾವಿತನಕ ನಡದು ಬಂದಾಳಂದ್ರ ಇಕಿಗಿ ಏನೂ ಆಗಿಲ್ಲ, ನಾ ನೋಡಿದ್ದೇ ಖರೆ ಅಂತ ಎದಿ ಉಬ್ಬಿಸಿದ. ನೀರು ಕುಡೀಬ್ಯಾಡಂತ ಹೇಳಿ ಬಂದೇನಲ್ಲಬೇ ಅಂತ ಬೈಯಾಕೂ ಸುರು ಮಾಡಿದ.

ಆಮ್ಯಾಲ ಕಂಡಿತು. ಆಕಿ ಕೈಯಾಗ ತಂಬಿಗಿ ಇಲ್ಲ. ಬಾವಿಗಿ ಹಗ್ಗ ಇಲ್ಲ. ಕೈ ಬರಿದು, ಬಾಯಿ ಬರಿದು. ಗಂಟಲಷ್ಟೇ ಮ್ಯಾಲ ಕೆಳಗ ಆಡಾಕತ್ತಿತ್ತು. ಗುಟುಕ್... ಗುಟುಕ್...

“ಕೈ ನೋಡ್ರಿ,” ಅಂದಳು, ಪಿಸುದನಿಲೇ.

ಇಂವ ಹಿಂದ ಸರದ. ಆಕಿ ಎದ್ದು ಬಂದು ಇವನ ಬಲಗೈನೇ ಹಿಡದಳು. ಹಿಡದ ಬೆರಳು ಬಾವಿ ಕಲ್ಲಿನಷ್ಟು ತಣ್ಣಗಿದ್ವು. ಇವನ ಕೈ ಹಿಂಬದಿ ತೊಗಲು ಚಿವುಟಿದಳು... ಬಿಟ್ಟಳು. ತೊಗಲು ಹಂಗೇ ಎದ್ದು ನಿಂತಿತು.

“ನಾ ಇನ್ನಾ ಜೀವಂತ ಅದೀನ್ರಿ... ಮನ್ಯಾಗೇ ಅದೀನಿ... ಹೊಳ್ಳಿ ಬರ್ರಿ.”

ಅಷ್ಟೇ. ಕಟ್ಟಿ ಮ್ಯಾಲ ಯಾರೂ ಇಲ್ಲ. ಟಪ್... ಟಪ್...

ಹಿಂದ ಮಾಳಿಂಗಪ್ಪನ ಮನಿ ದೀಪ ಕಾಣಾಕತ್ತಿತ್ತು. ಕೂಗಿದ್ರ ಕೇಳೋವಷ್ಟು ದೂರ. ನೀರು ಕುಡಿಸು ಅಂತ ಅಲ್ಲೇ ನಿಂತು ಒಂದು ಮಾತು ಕೂಗಿದ್ರೂ ಆಗ್ತಿತ್ತು. ಇಂವ ಏನು ಮಾಡಿದ? ಧೋತರ ಎತ್ತಿಕೊಂಡು ತನ್ನ ಮನಿಗಿ ಓಡಿದ. ಅಗಳಿ ಹಾಕಿ, ಬಚ್ಚಲದಾಗ ಕುಂತು ಸಾಬಣ ಹಚ್ಚಿ ಕೈ ತೊಳದ. ಮತ್ತ ಹಚ್ಚಿದ, ಮತ್ತ ತೊಳದ.

ಸುಭದ್ರಾಬಾಯಿ ಎದ್ದು ಬಂದು ಕೇಳಿದ್ಲು. ಕೈ ತಿಕ್ಕಿಕೋತ ಎಲ್ಲಾ ಹೇಳಿದ. ಆಕಿ ತಡಾ ಮಾಡ್ಲಿಲ್ಲ, ಹೋಗೂಣ ನಡೀರಿ ಅಂತ ನೀರಿನ ತಂಬಿಗಿ ಎತ್ತಿಕೊಂಡಳು.

“ಹುಚ್ಚಿ, ಅದು ದೆವ್ವ ಇತ್ತು.”

“ಜೀವಂತ ಅದೀನಿ ಅಂದಾಳಲ್ರಿ... ದೆವ್ವ ಹೆಂಗಾಗ್ತದ?”

ಎದ್ದು ಬಂದ ಮಹಾಶಯ. ಬಾಗಿಲಿಗಿ ಬೆನ್ನು ಕೊಟ್ಟು ಕುಂತುಬಿಟ್ಟ. ತಾನೂ ಹೋಗಲಿಲ್ಲ, ಹೋಗೋ ಆಕಿಗೂ ಬಿಡಲಿಲ್ಲ. ತಂಬಿಗಿ ಹಿಡಕೊಂಡು ಆಕಿ ರಾತ್ರಿಪೂರ್ತಿ ನಿಂತೇ ಇದ್ದಳು. ಥೂ, ಎಂಥಾ ಗಂಡಸು.

ಕೋಳಿ ಕೂಗೂದರಾಗ ಕೆಳಗಿನ ಓಣಿಯಾಗ ಅಳೋ ಸಪ್ಪಳ ಎದ್ದಿತು. ಆವಾಗ ಹೋಗ್ಯಾದ ರೇವಮ್ಮನ ಜೀವ, ಮೊದಲಲ್ಲ. ರಾತ್ರಿಯೆಲ್ಲಾ ಹೊಸ್ತಿಲ ಕಡಿ ಕೈ ಚಾಚಿಕೊಂಡೇ ಇದ್ದಳಂತ ಮಾಳಿಂಗಪ್ಪ ಹೇಳಿದ. ಯಾರಿಗಿ ತೋರಸ್ತಾಳ ಅಂತ ಅವನಿಗೇನು ಗೊತ್ತು.

ಶಾಂತಲಿಂಗಪ್ಪನ ಕೈ ತೊಗಲು ಮಾತ್ರ ಕೆಳಗ ಕೂಡಲಿಲ್ಲ. ಎರಡು ಬೆರಳು ಚಿವುಟಿ ಬಿಟ್ಟಷ್ಟು, ಎದ್ದು ನಿಂತೇ ಇತ್ತು. ಹೆಬ್ಬಟ್ಟಿಲೇ ಒತ್ತಿದ್ರ ಕೂಡ್ತಿತ್ತು, ಎತ್ತಿದ್ರ ಮತ್ತ ಏಳ್ತಿತ್ತು. ಗಾಣಗಾಪುರಕ್ಕ ಹೋಗಿ ಭೀಮಾದಾಗ ಮುಳುಗಿ ಬಂದ. ಜೇವರ್ಗಿ ಹಕೀಮರ ಮಲಾಮು ಹಚ್ಚಿದ. ಕೊಡಗಟ್ಲೆ ನೀರು ಕುಡದ, ರಾತ್ರಿ ಎದ್ದೆದ್ದು ಕುಡದ. ಏನೂ ಆಗಲಿಲ್ಲ. ಬ್ಯಾಸಗಿ ಬಿಸಿಲಾಗೂ ಶಾಲು ಹೊಚ್ಚಿ ಆ ಕೈ ಮುಚ್ಚಿಕೊಂಡು ತಿರುಗ್ತಿದ್ದ. ಬಿಳಿ ಕೋಟು ಮತ್ತ ಯಾರೂ ನೋಡಲಿಲ್ಲ.

ಮುಪ್ಪಾಗಿ ಸತ್ತ. ಮೈ ತೊಳದು, ವಿಭೂತಿ ಹಚ್ಚಿ, ಕೂಡಿಸಿ, ಕೈ ಮ್ಯಾಲ ಹೊಸ ಅರಬಿ ಹೊಚ್ಚಿದ್ರು. ಸುಭದ್ರಾಬಾಯಿ ಅಂಗೈಲೇ ಸವರಿ ಮಟ್ಟ ಮಾಡಿದ್ಲು... ಕೈ ತಗದ್ಲು. ಅರಬಿ ಆ ಒಂದು ಜಾಗಾದಾಗ ಮೆಲ್ಲಕ ಎದ್ದು ನಿಂತಿತು. ಊರೇ ನಿಂತು ನೋಡ್ಯಾದ, ಖರೇ ಹೇಳ್ತೇನಿ.